ಒಗೆದ ದಿನ ನೆಟ್ ಇಲ್ಲ

ವಿಜಯವಾಡದ ಸತ್ಯನಾರಾಯಣಪುರದಲ್ಲಿರುವ ನನ್ನ ಅಕ್ಕ ದಿನಾ ಸಂಜೆ ಆರೂವರೆಗೆ ಕಂಪ್ಯೂಟರ್ ಮುಂದೆ ಕೂತು ಬೆಂಗಳೂರು, ಮೈಸೂರಿನ ಏಳೆಂಟು ಮಕ್ಕಳಿಗೆ ದೇವರನಾಮ ಹೇಳಿಕೊಡುತ್ತಾಳೆ. ಶನಿವಾರ, ಭಾನುವಾರ ಬೆಳಿಗ್ಗೆ ಅಮೆರಿಕದ ಮಕ್ಕಳ ಸರದಿ. ಕೋವಿಡ್ ಕಾಲದಲ್ಲಿ ಹೊತ್ತು ಹೋಗಲೆಂದು ಶುರುಮಾಡಿದ್ದು ಇನ್ನೂ ನಡೆಯುತ್ತಿದೆ. ಪಾರುಪಲ್ಲಿ ರಾಮಕೃಷ್ಣಯ್ಯ ಪಂತುಲು ಅವರ ಬಳಿ ಬಾಲಮುರಳಿಕೃಷ್ಣ ಪಾಠ ಕಲಿತ ಊರು ಅದು. ಅಲ್ಲಿ ಸಂಗೀತ ಹೇಳಿಕೊಡುವುದೆಂದರೆ ಅಕ್ಕನಿಗೆ ತುಸು ಹೆಮ್ಮೆಯೂ ಇದೆ. ಹೋದ ಬೇಸಿಗೆಯಲ್ಲಿ ಆ ಹೆಮ್ಮೆಗೆ ಪೆಟ್ಟು ಬಿತ್ತು. ಬೆಳಗಿನ ಪಾಠ ಸಲೀಸಾಗಿ ಸಾಗುತ್ತಿತ್ತು, ಸಂಜೆಯದು ಮಾತ್ರ ತುಂಡು ತುಂಡು. ಪಲ್ಲವಿ ಮುಗಿಸಿ ಅನುಪಲ್ಲವಿ ಎತ್ತಿಕೊಳ್ಳುವಷ್ಟರಲ್ಲಿ ಅವಳ ಮುಖ ಮಕ್ಕಳ ಪರದೆಯ ಮೇಲೆ ಬಾಯಿ ತೆರೆದಂತೆಯೇ ನಿಂತುಬಿಡುತ್ತಿತ್ತು. ಒಬ್ಬ ಹುಡುಗ ಅದರ ಫೋಟೊ ಹಿಡಿದು ಗುಂಪಿಗೆ ಕಳಿಸಿದ ದಿನ ಅಕ್ಕ ನನಗೆ ಫೋನ್ ಮಾಡಿದಳು.

‘ನೆಟ್ ಸರಿ ಇಲ್ಲ ಕಣೋ.’

‘ಸರಿ ಇಲ್ಲ ಅಂದ್ರೆ ಏನಾಗ್ತಿದೆ?’

‘ಸರಿ ಇಲ್ಲ ಅಂದ್ರೆ ಸರಿ ಇಲ್ಲ. ಫೋನ್ ಮಾಡಿದ್ರೆ, ಒಕಸಾರಿ ಆಫ್ ಚೇಸಿ ಆನ್ ಚೇಯಂಡಿ ಮೇಡಂ ಅಂತಾರೆ. ಆಫ್ ಮಾಡಿ ಆನ್ ಮಾಡಿ ಸ್ವಿಚ್ಚೇ ಸವೆದುಹೋಯ್ತು.’

ಹಿಂದಿನಿಂದ ಭಾವನ ದನಿ: ‘ಸ್ಪೀಡ್ ಟೆಸ್ಟ್ ಮಾಡಿದೀನಿ, ಅರವತ್ತು ತೋರಿಸ್ತಾ ಇದೆ. ಅವಳ ಹಾಡೇ ಕೈ ಕೊಡ್ತಿರಬೇಕು.’

ನಲ್ಲಿಯಲ್ಲಿ ನೀರು ಬರದಿದ್ದರೆ ಕೆಆರ್‌ಎಸ್ ಅಣೆಕಟ್ಟೆ ಬತ್ತಿತೇ ಎಂದು ಯಾರೂ ಫೋನ್ ಮಾಡಿ ಕೇಳುವುದಿಲ್ಲ. ಮೊದಲು ತಾರಸಿ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದು ನೋಡುತ್ತೇವೆ, ಆಮೇಲೆ ಮೋಟರು, ಸಂಪು, ಬೀದಿಯ ವಾಲ್ವು. ನೀರಿನ ವಿಷಯದಲ್ಲಿ ನಮಗೆ ಅಜ್ಜನ ಕಾಲದಿಂದ ಬಂದಿರುವ ಈ ವಿವೇಕ ಇಂಟರ್ನೆಟ್ ವಿಷಯದಲ್ಲಿ ಇನ್ನೂ ಬಂದಿಲ್ಲ. ಚಕ್ರ ತಿರುಗತೊಡಗಿತೆಂದರೆ ಸೀದಾ ಕಂಪನಿಗೆ ಬೈಗುಳ. ನಾನೂ ಅದೇ ಜಾತಿಯವನು. ಆ ಕತೆ ಮುಂದೆ ಬರುತ್ತದೆ.

ಮನೆಯ ಕಂಪ್ಯೂಟರಿನಿಂದ ಹೊರಟ ಒಂದು ಮಾತು ಮೊದಲು ಗಾಳಿಯಲ್ಲಿ ವೈಫೈ ಆಗಿಯೋ, ಲ್ಯಾನ್ ವೈರಿನಲ್ಲಿಯೋ ರೂಟರಿಗೆ ಹೋಗುತ್ತದೆ. ಅಲ್ಲಿ ಬೆಳಕಾಗಿ ಬದಲಾಗಿ ಕೂದಲಿನಂಥ ಗಾಜಿನ ಎಳೆಯಲ್ಲಿ ಬಾಲ್ಕನಿ ದಾಟಿ ಕಂಬಕ್ಕೆ ಹತ್ತುತ್ತದೆ. ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಅಕ್ಕಪಕ್ಕದ ಮನೆಗಳ ಎಳೆಗಳ ಜೊತೆ ಸೇರುತ್ತದೆ. ಒಂದೇ ತಾಯಿಬೇರಿಗೆ 32 ಮನೆ, ಕೆಲವು ಕಡೆ 64 ಮನೆ. ಅಲ್ಲಿಂದ ಕಂಪನಿಯ ಕೇಂದ್ರ, ಅದರಾಚೆ ಊರು, ಸಮುದ್ರ, ಪ್ರಪಂಚ. ಇಷ್ಟು ದಾರಿಯಲ್ಲಿ ಎಲ್ಲಿ ಕಡಿದಿದೆ ಎಂದು ಹುಡುಕುವುದಷ್ಟೇ ರಿಪೇರಿಯ ಮುಕ್ಕಾಲು ಪಾಲು.

ಹುಡುಕಲು ಎಲ್ಲ ಕಂಪ್ಯೂಟರಿನಲ್ಲೂ ಪುಕ್ಕಟೆಯಾಗಿ ಸಿಗುವ ಸಲಕರಣೆ ‘ಪಿಂಗ್’. ನಾನಿರುವ ವಿಶಾಖಪಟ್ಟಣದಲ್ಲಿ ಕೂತು ಇದನ್ನು ವಿವರಿಸುವುದು ಸುಲಭ. ಇಲ್ಲಿನ ಆರ್‌ಕೆ ಬೀಚಿನ ಮರಳ ಮೇಲೆ ಐಎನ್‌ಎಸ್ ಕುರ್ಸುರ ಎಂಬ ಜಲಾಂತರ್ಗಾಮಿಯನ್ನು ಎಳೆದು ತಂದು ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. 1969ರಲ್ಲಿ ನೌಕಾಪಡೆ ಸೇರಿ 2001ರಲ್ಲಿ ನಿವೃತ್ತಿಯಾದ ಹಡಗು. 2002ರಿಂದ ಜನ ಟಿಕೆಟ್ ಕೊಂಡು ಹೊಟ್ಟೆಯೊಳಗೆ ನುಗ್ಗುತ್ತಾರೆ. ಅದರೊಳಗೆ ಸೋನಾರ್ ಇದೆ. ನೀರಿನಾಳದಲ್ಲಿ ಒಂದು ಸದ್ದು ಬಿಟ್ಟು, ಅದು ಯಾವುದಕ್ಕೋ ಬಡಿದು ವಾಪಸು ಬರಲು ಎಷ್ಟು ಹೊತ್ತಾಯಿತು ಎಂದು ಅಳೆದು ಎದುರಿಗಿರುವುದರ ದೂರ ಹೇಳುವ ವಿದ್ಯೆ. ಅಮೆರಿಕದ ಸೇನೆಯ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ, ತನ್ನಲ್ಲಿನ ನೆಟ್‌ವರ್ಕ್ ವಿಚಿತ್ರವಾಗಿ ಆಡುತ್ತಿದೆಯೆಂದು ತಲೆಕೆಟ್ಟು ಒಂದು ಪುಟ್ಟ ಪ್ರೋಗ್ರಾಮ್ ಬರೆದ. ಸೋನಾರಿನ ಸದ್ದಿನ ಹೆಸರನ್ನೇ ಅದಕ್ಕಿಟ್ಟ. ನಾಲ್ಕು ದಶಕ ದಾಟಿದರೂ ಅದಕ್ಕಿಂತ ನೆಚ್ಚಿನ ಸಲಕರಣೆ ಬಂದಿಲ್ಲ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯಲ್ಲಿ ಪಿಂಗ್ ಎಂದು ಬರೆದು ಮುಂದೆ ರೂಟರಿನ ವಿಳಾಸ ಕೊಟ್ಟರೆ ಸಾಕು. ಬಹಳ ಮನೆಗಳಲ್ಲಿ ಅದು 192.168.1.1, ರೂಟರಿನ ತಳದ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಕಂಪ್ಯೂಟರ್ ರೂಟರನ್ನು ಕೂಗುತ್ತದೆ, ರೂಟರ್ ಓಗೊಡುತ್ತದೆ, ನಡುವೆ ಹೋದ ಹೊತ್ತು ಮಿಲಿಸೆಕೆಂಡುಗಳಲ್ಲಿ ಬೀಳುತ್ತದೆ. ಆಮೇಲೆ ಅದೇ ರೀತಿ 8.8.8.8 ಎಂಬ ಗೂಗಲ್ ವಿಳಾಸವನ್ನು ಕೂಗಿದರೆ ಊರಾಚೆಯ ಸಮಾಚಾರ. ಮೊದಲನೆಯದೇ ತಡವರಿಸಿದರೆ ರೋಗ ಮನೆಯೊಳಗಿದೆ. ಮೊದಲನೆಯದು ಗಟ್ಟಿಯಾಗಿದ್ದು ಎರಡನೆಯದು ತಡವರಿಸಿದರೆ ಹೊರಗಿದೆ. ಎರಡೂ ಸರಿಯಿದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಬಹುಶಃ ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಕೈಕೊಟ್ಟಿದೆ.

ಫೋನಿನಲ್ಲಿ ಇದೆಲ್ಲ ಅಕ್ಕನಿಗೆ ಹೇಳಿ ಮುಗಿಯುವ ಮಾತಲ್ಲ. ಒಂದು ಶುಕ್ರವಾರ ಮಧ್ಯಾಹ್ನ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದೆ. ಸಂಜೆ ವಿಜಯವಾಡದಲ್ಲಿ ಇಳಿದಾಗ ಪ್ಲಾಟ್‌ಫಾರಂ ಇನ್ನೂ ಕಾದ ಹೆಂಚಿನಂತಿತ್ತು. ಬ್ಲೇಜ್‌ವಾಡ ಎಂದು ಅಲ್ಲಿನವರು ಸುಮ್ಮನೆ ಕರೆಯುವುದಿಲ್ಲ.

ಅಕ್ಕನ ಮನೆಯಲ್ಲಿ ರೂಟರ್ ಹಾಲಿನ ಶೋಕೇಸಿನೊಳಗೆ, ಟೀವಿಯ ಬೆನ್ನಿಗೆ, ಬಹುಮಾನವಾಗಿ ಬಂದ ಸ್ಟೀಲ್ ಪಾತ್ರೆಗಳ ನಡುವೆ ಕೂತಿತ್ತು. ‘ಧೂಳು ಬೀಳಬಾರದು ಅಂತ ಒಳಗಿಟ್ಟೆ’ ಎಂದಳು. ಅದಕ್ಕೊಂದು ಕ್ರೋಶಾ ಹೊದಿಕೆಯೂ ಇತ್ತು. ಅವಳು ಪಾಠ ಮಾಡುವ ಕಂಪ್ಯೂಟರ್ ಎರಡು ಗೋಡೆಯಾಚೆ, ದೇವರ ಮನೆಯ ಪಕ್ಕದ ಕೋಣೆಯಲ್ಲಿ. ಹಳೆಯ ಕಂಪ್ಯೂಟರು, ಬೆನ್ನಿಗೆ ಯಾವ ಕಾಲದ್ದೋ ಒಂದು ವೈಫೈ ಡಾಂಗಲ್ ಚುಚ್ಚಿದ್ದರು.

ಶನಿವಾರ ಬೆಳಿಗ್ಗೆ ಆರಕ್ಕೆ ರೂಟರನ್ನು ಕೂಗಿಸಿ ನೋಡಿದೆ: 2, 3, 2, 2, 3. ಲಕ್ಷಣವಾಗಿತ್ತು. ಅದೇ ಸಂಜೆ ಏಳಕ್ಕೆ: 3, 180, 12, 640, ಉತ್ತರವಿಲ್ಲ, 410, ಉತ್ತರವಿಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ವಿಜಯವಾಡದಿಂದ 350 ಕಿಲೋಮೀಟರ್ ದೂರದ ವಿಶಾಖಪಟ್ಟಣಕ್ಕೆ ಹೋಗಿ ವಾಪಸು ಬರಲು ಅದಕ್ಕೆ 4 ಮಿಲಿಸೆಕೆಂಡ್ ಸಾಕು. ಅಕ್ಕನ ಮಾತಿಗೆ ತನ್ನದೇ ಮನೆಯ ಎರಡು ಗೋಡೆ ದಾಟಲು 640 ಬೇಕಾಗಿತ್ತು!

ಫೋನಿನಲ್ಲಿ ಸುತ್ತಲಿನ ವೈಫೈಗಳ ಪಟ್ಟಿ ತೆಗೆದರೆ ಇಪ್ಪತ್ಮೂರು ಹೆಸರು. ಮೇಲಿನ ಮನೆ, ಕೆಳಗಿನ ಮನೆ, ಎದುರು ಅಪಾರ್ಟ್‌ಮೆಂಟು. ಒಬ್ಬರದು ‘ಪಾಸ್‌ವರ್ಡ್ ಅಡಗೊದ್ದು’, ಅಂದರೆ ಪಾಸ್‌ವರ್ಡ್ ಕೇಳಬೇಡಿ. ಹೆಚ್ಚಿನವೆಲ್ಲ 2.4 ಗಿಗಾಹರ್ಟ್ಸ್‌ನ ಹಳೆಯ ತರಂಗಪಟ್ಟಿಯಲ್ಲೇ ಕೂಗಾಡುತ್ತಿದ್ದವು. ಆ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಎಂದು ಮೂರೇ ಮೂರು. ಬೆಳಿಗ್ಗೆ ಊರು ಮಲಗಿರುವಾಗ ಅಕ್ಕನಿಗೆ ದಾರಿ ಖಾಲಿ. ಸಂಜೆ ಎಲ್ಲರ ಮನೆಯ ಟೀವಿ, ಮೊಬೈಲು, ಕ್ರಿಕೆಟ್ಟು, ಸೀರಿಯಲ್ಲು ಒಟ್ಟಿಗೆ ಎದ್ದಾಗ ಕೃಷ್ಣಾ ಪುಷ್ಕರದ ನೂಕುನುಗ್ಗಲು. ಮೈಕ್ರೋವೇವ್ ಒಲೆಯೂ ಹೆಚ್ಚುಕಡಿಮೆ ಅದೇ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ.

ಭಾವ ಮತ್ತೆ ಸ್ಪೀಡ್ ಟೆಸ್ಟ್ ತೋರಿಸಿದರು. ಆಗಲೂ ಐವತ್ತರ ಮೇಲೆಯೇ ಇತ್ತು. ಅದು ಸುಳ್ಳಲ್ಲ. ಒಂದಷ್ಟು ಹೊತ್ತಿನಲ್ಲಿ ಒಟ್ಟು ಎಷ್ಟು ಮೂಟೆ ಬಂದಿಳಿಯಿತು ಎಂದು ಅದು ಲೆಕ್ಕ ಹಾಕುತ್ತದೆ; ಮೂಟೆಗಳು ಸಮನಾಗಿ ಬಂದವೋ, ಒಂದು ಗಳಿಗೆ ಏನೂ ಬಾರದೆ ಮರುಗಳಿಗೆ ಹತ್ತು ಒಟ್ಟಿಗೆ ಬಿದ್ದವೋ ಎಂಬುದು ಆ ದೊಡ್ಡ ಅಂಕಿಯಲ್ಲಿ ಕಾಣುವುದಿಲ್ಲ. ಸಿನಿಮಾ ನೋಡುವವರಿಗೆ ಅದರಿಂದ ತೊಂದರೆಯಿಲ್ಲ, ಮುಂಚೆಯೇ ಒಂದಷ್ಟು ತುಂಬಿಟ್ಟುಕೊಂಡಿರುತ್ತದೆ. ಎದುರುಬದುರು ಹಾಡುವವರಿಗೆ ಅದೇ ಪ್ರಾಣಸಂಕಟ. ಇದನ್ನು ಹೇಗೆ ಹೇಳುವುದೆಂದು ನಾನು ತಡಕಾಡುತ್ತಿದ್ದಾಗ ಅಕ್ಕ ಕಪ್ಪು ಕಿಟಕಿಯ ಅಂಕಿಗಳನ್ನೇ ನೋಡುತ್ತಾ ತೊಡೆಯ ಮೇಲೆ ತಾಳ ಹಾಕಿದಳು. ‘ವೇಗ ಇದೆ, ಲಯ ಇಲ್ಲ’ ಎಂದಳು. ಎಂಜಿನಿಯರುಗಳು ಇದಕ್ಕೆ ಜಿಟರ್ ಎನ್ನುತ್ತಾರೆ. ನನಗೆ ಅಕ್ಕನ ಮಾತೇ ಹಿಡಿಸಿತು.

ಮದ್ದು ಸಣ್ಣದು. ಹದಿನೈದು ಮೀಟರ್ ಲ್ಯಾನ್ ವೈರ್ ತಂದು, ಬಾಗಿಲ ಚೌಕಟ್ಟಿನ ಮೇಲಿನಿಂದ ಎಳೆದು, ಕಂಪ್ಯೂಟರಿಗೂ ರೂಟರಿಗೂ ನೇರ ಗಂಟು ಹಾಕಿದ್ದಾಯಿತು. ಬೀದಿಯ ಕೇಬಲ್ ಹುಡುಗ ತುದಿಗೆ ಕನೆಕ್ಟರ್ ಒತ್ತಿಕೊಟ್ಟ. ಪಿಂಗ್ ಸಂಜೆಯಲ್ಲೂ 1ಕ್ಕಿಂತ ಮೇಲೇರಲಿಲ್ಲ. ಭಾವನ ಮುಖ ಮಾತ್ರ ಅರಳಲಿಲ್ಲ: ಅವರು ಕಟ್ಟುತ್ತಿದ್ದದ್ದು ಇನ್ನೂರು ಎಂಬಿಪಿಎಸ್ ಪ್ಲಾನಿನ ದುಡ್ಡು, ಎಷ್ಟು ಸಲ ಅಳೆದರೂ 94ಕ್ಕೆ ನಿಲ್ಲುತ್ತಿತ್ತು. ಈ 94 ಎಂಬುದು ಒಳ್ಳೆಯ ಸುಳಿವು. ಲ್ಯಾನ್ ವೈರಿನೊಳಗೆ ಎಂಟು ಎಳೆ ಇರುತ್ತವೆ. ನಾಲ್ಕು ಎಳೆ ಹಿಡಿದರೂ ನೆಟ್ ಬರುತ್ತದೆ, ಆದರೆ ನೂರರ ಮಿತಿಯಲ್ಲಿ. ಅದರೊಳಗೆ ಕೈಗೆ ಸಿಗುವುದು ತೊಂಬತ್ತನಾಲ್ಕೋ ತೊಂಬತ್ತೈದೋ. ಸಾವಿರದ ದಾರಿ ತೆರೆಯಲು ಎಂಟೂ ಬೇಕು. ಹುಡುಗ ಅವಸರದಲ್ಲಿ ನಾಲ್ಕೇ ಒತ್ತಿದ್ದ. ಮತ್ತೆ ಕರೆಸಿ ಎಂಟೂ ಒತ್ತಿಸಿದ ಮೇಲೆ ಭಾವ ಕಾಫಿ ಕೊಟ್ಟರು.

ಇಷ್ಟೆಲ್ಲ ಜಾಣತನ ಮೆರೆದು ವಿಶಾಖಪಟ್ಟಣಕ್ಕೆ ವಾಪಸಾದವನ ಸ್ವಂತ ಮನೆಯ ಕತೆ ಹೇಳಬೇಕಲ್ಲ.

ಎಂವಿಪಿ ಕಾಲೊನಿಯ ನಮ್ಮ ಮನೆ ಮೂರನೇ ಮಹಡಿ. ಕೆಲವು ದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ ರೂಟರಿನ ಕೆಂಪು ದೀಪ ಮಿಟುಕತೊಡಗುತ್ತಿತ್ತು. ಹೊರಗಿನಿಂದ ಬೆಳಕು ಬರುತ್ತಿಲ್ಲ ಎಂಬುದರ ಸೂಚನೆ ಅದು. ದೂರು ಕೊಟ್ಟರೆ ‘ವಸ್ತಾನಂಡಿ’, ಅಂದರೆ ಬರ್ತೀನಿ, ಎನ್ನುತ್ತಿದ್ದ ಕಂಪನಿಯ ಹುಡುಗ ಮೂರರ ಮೇಲೆ ಬರುತ್ತಿದ್ದ. ಅಷ್ಟು ಹೊತ್ತಿಗೆ ದೀಪ ಹಸಿರಾಗಿರುತ್ತಿತ್ತು. ಆಸ್ಪತ್ರೆಯ ಬಾಗಿಲಿಗೆ ಹೋದಾಗ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ಮೂರು ಸಲ ಹೀಗಾಯಿತು. ಮೂರನೆಯ ಸಲ ನಾನು ಫೋನಿನಲ್ಲಿ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಆಮೇಲೆ ಸಿಟ್ಟು ಬಿಟ್ಟು, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನೆಟ್ ಹೋದ ಹೊತ್ತು, ಬಂದ ಹೊತ್ತು ಗುರುತು ಹಾಕತೊಡಗಿದೆ. ಮೂರು ವಾರಕ್ಕೆ ಚಿತ್ರ ಮೂಡಿತು. ಬುಧವಾರ, ಶನಿವಾರ; ಒಂಬತ್ತಕ್ಕೆ ಹೋಗಿ ಎರಡರ ಸುಮಾರಿಗೆ ವಾಪಸು. ಬುಧವಾರ, ಶನಿವಾರ ಕಂಪನಿಯಲ್ಲಿ ಏನೋ ಕೆಲಸ ಇಟ್ಟುಕೊಂಡಿರುತ್ತಾರೆ ಎಂದು ನಾನು ತೀರ್ಮಾನಕ್ಕೆ ಬಂದಿದ್ದೆ. ಹಾಲಿನ ಲೆಕ್ಕ ನೋಡಲು ಬಂದ ಹೆಂಡತಿ ಗುರುತುಗಳನ್ನು ಒಂದು ಗಳಿಗೆ ನೋಡಿ, ‘ಇದು ನೀವು ಬಟ್ಟೆ ಹರವೋ ದಿನ ಅಲ್ವಾ?’ ಎಂದಳು.

ನಮ್ಮಲ್ಲಿ ಒಗೆಯುವುದು ಮೆಷಿನ್ನು, ಹರವುವುದು ನಾನು. ಬಾಲ್ಕನಿಯ ಹಗ್ಗ ಕಟ್ಟಿದ್ದ ಕೊಕ್ಕೆಯ ಮೇಲೆಯೇ ಫೈಬರಿನ ಬಿಳಿ ವೈರೂ ಹಾದು ಒಳಗೆ ಬಂದಿತ್ತು. ಒದ್ದೆ ಬೆಡ್‌ಶೀಟುಗಳನ್ನು ಎರಡರ ಮೇಲೂ ಸೇರಿಸಿ ಕ್ಲಿಪ್ ಹಾಕುತ್ತಿದ್ದವನು ನಾನೇ. ಮುಂದಿನ ಶನಿವಾರ ಬೆಳಿಗ್ಗೆ ಹುಡುಗನನ್ನು ಕಾಡಿ ಬೇಡಿ ಒಂಬತ್ತೂವರೆಗೇ ಬರುವಂತೆ ಮಾಡಿದೆ. ವೈರಿನ ತುದಿಯನ್ನು ಬೆಳಕು ಅಳೆಯುವ ತನ್ನ ಮೀಟರಿಗೆ ಚುಚ್ಚಿದ, ಮೈನಸ್ 29. ಈ ಲೆಕ್ಕದಲ್ಲಿ ಮೈನಸ್ 27 ದಾಟಿತೆಂದರೆ ರೂಟರಿಗೆ ಕಣ್ಣು ಮಬ್ಬು. ಬೆಡ್‌ಶೀಟ್ ಎತ್ತಿ ಹಿಡಿಯಲು ಹೇಳಿದ. ಎತ್ತಿದೆ. ಮೈನಸ್ 19. ಹತ್ತು ಅಂಕಿಯ ವ್ಯತ್ಯಾಸವೆಂದರೆ ಬೆಳಕು ಹತ್ತು ಪಟ್ಟು. ಬಿಟ್ಟೆ, ಮತ್ತೆ 29. ಆಮೇಲೆ ಅವನು ಪೆನ್ನಿನಂಥ ಕೆಂಪು ಲೇಸರ್ ತೆಗೆದು ವೈರಿನ ತುದಿಗೆ ಸಿಕ್ಕಿಸಿದ. ನೆರಳಿನಲ್ಲಿದ್ದ ಆ ಕೊಕ್ಕೆಯ ಹತ್ತಿರ, ವೈರು ಮೊಣಕೈಯಂತೆ ಮಡಿದಿದ್ದ ಜಾಗದಲ್ಲಿ, ಬಿಳಿ ಸಿಪ್ಪೆಯೊಳಗಿಂದ ಕೆಂಡದಂಥ ಒಂದು ಚುಕ್ಕೆ ಹೊತ್ತಿಕೊಂಡಿತು. ಬೆಳಕು ಓಡಾಡುವ ಗಾಜಿನ ತಿರುಳು ಮಿಲಿಮೀಟರಿನ ಸಾವಿರದಲ್ಲಿ ಒಂಬತ್ತು ಭಾಗದಷ್ಟು ದಪ್ಪ. ಅದು ಹದವಾಗಿ ಬಾಗುತ್ತದೆ. ತೀರಾ ಮಡಿಸಿದರೆ ಬೆಳಕು ತಿರುವು ತೆಗೆದುಕೊಳ್ಳಲಾರದೆ ಹೊರಗೆ ಸೋರಿಹೋಗುತ್ತದೆ. ಬಿಸಿಲು ಏರಿ ಬೆಡ್‌ಶೀಟ್ ಒಣಗಿ ಹಗುರವಾದಂತೆ ಮಡಿಕೆ ಸಡಿಲವಾಗಿ ಎರಡು ಗಂಟೆಗೆ ನೆಟ್ ತಾನೇ ವಾಪಸಾಗುತ್ತಿತ್ತು.

‘ಸಾರ್, ಬಟ್ಟಲು ತೀಸೇಯಂಡಿ, ನೆಟ್ ವಸ್ತುಂದಿ’ ಎಂದ ಹುಡುಗ. ತೆಲುಗಿನಲ್ಲಿ ಬಟ್ಟಲು ಎಂದರೆ ಬಟ್ಟೆಗಳು. ಇಲ್ಲಿಗೆ ಬಂದ ಹೊಸತರಲ್ಲಿ ಈ ಪದ ಕೇಳಿ ನಾನು ಅಡುಗೆಮನೆಯ ಕಡೆ ನೋಡುತ್ತಿದ್ದೆ.

ಹಾಗೆಂದು ತಪ್ಪೆಲ್ಲ ಗಿರಾಕಿಯದೇ ಎನ್ನುವ ಪಕ್ಷಪಾತ ನನಗಿಲ್ಲ. ನಮ್ಮ ಬಾಲ್ಕನಿಯ ಕೊಕ್ಕೆಯಿಂದಾಚೆ ಇರುವುದು ಕಂಬಗಳ ರಾಜ್ಯ. ಆಂಧ್ರದಲ್ಲಿ ಅದು ಬರೀ ಮಾತಿನ ಅಲಂಕಾರವಲ್ಲ. ರಾಜ್ಯದ ಉದ್ದಗಲಕ್ಕೆ ಫೈಬರ್ ಹಾಕಬೇಕೆಂದು ಸರ್ಕಾರ ಹೊರಟಾಗ ನೆಲ ಅಗೆಯುವ ಖರ್ಚು, ಕಾಲ ಎರಡೂ ಹೆಚ್ಚೆಂದು ವಿದ್ಯುತ್ ಕಂಬಗಳ ಮೇಲೆಯೇ ಸುಮಾರು 24,000 ಕಿಲೋಮೀಟರ್ ಎಳೆದರು. ಅದರ ನಿಗಾ ಕೇಂದ್ರ ಇದೇ ವಿಶಾಖಪಟ್ಟಣದಲ್ಲಿ. 2017ರ ಡಿಸೆಂಬರ್ 27ರಂದು ಅಮರಾವತಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಈ ಯೋಜನೆಯನ್ನು ಉದ್ಘಾಟಿಸಿದರು. ತಿಂಗಳಿಗೆ 149 ರೂಪಾಯಿಗೆ 15 ಎಂಬಿಪಿಎಸ್ ಇಂಟರ್ನೆಟ್, ಜೊತೆಗೆ ಟೀವಿ ಚಾನೆಲ್‌ಗಳು ಮತ್ತು ಫೋನ್. ಆಮೇಲೆ ದರ ಏರಿತು, ರಾಜಕೀಯ ಜಗಳಗಳೂ ಬಂದವು. ಆದರೂ ಹಳ್ಳಿಮನೆಗೆ ಗಾಜಿನ ಎಳೆ ತಲುಪಿಸಲು ಇಷ್ಟು ಅಗ್ಗದ ದಾರಿ ಇನ್ನೊಂದಿರಲಿಲ್ಲ ಎಂದೇ ನನ್ನ ಅನಿಸಿಕೆ. ಕಂಬದಿಂದ ಮನೆಗೆ ಎಳೆಯುವ ಕೊನೆಯ ತುಂಡನ್ನು ಬೀದಿಯ ಕೇಬಲ್ ಟೀವಿಯವರಿಗೇ ಬಿಟ್ಟಿದ್ದು ಕೂಡ ಜಾಣತನ. ಯಾವ ಮನೆಯ ನಾಯಿ ಕಚ್ಚುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಕಂಬದ ಮೇಲಿನದು ಬೇಗ ಬರುತ್ತದೆ, ಬೇಗ ಹೋಗುತ್ತದೆ. ನಾನು ಈ ಊರಿಗೆ ಬಂದು ನಾಲ್ಕು ತಿಂಗಳಾಗಿತ್ತು, 2014ರ ಅಕ್ಟೋಬರ್ 12, ಭಾನುವಾರ. ಹುದ್‌ಹುದ್ ಚಂಡಮಾರುತ ನೇರ ಊರಿನ ಮೇಲೆಯೇ ಬಂದಿತು. ಗಾಳಿ ಗಂಟೆಗೆ 180 ಕಿಲೋಮೀಟರಿನ ಆಸುಪಾಸು. ಕಿಟಕಿಯ ಗಾಜು ಒಡೆದ ಸದ್ದಿಗಿಂತ ನನಗೆ ಇವತ್ತಿಗೂ ನೆನಪಿರುವುದು ಅದರ ಮಾರನೆಯ ದಿನದ ಮೌನ: ಕರೆಂಟಿಲ್ಲ, ಲ್ಯಾಂಡ್‌ಲೈನಿಲ್ಲ, ಮೊಬೈಲಿನಲ್ಲಿ ಒಂದು ಗೀಟೂ ಇಲ್ಲ. ವಿಜಯವಾಡದಲ್ಲಿ ಅಕ್ಕ ಮೂರು ದಿನ ನನ್ನ ನಂಬರು ಒತ್ತುತ್ತಲೇ ಇದ್ದಳಂತೆ. ನಗರದ ವಿದ್ಯುತ್ ತಂತಿಗಳನ್ನು ನೆಲದಡಿಗೆ ಇಳಿಸುವ ಕೆಲಸಕ್ಕೆ ವಿಶ್ವ ಬ್ಯಾಂಕಿನ ನೆರವು ಬಂದದ್ದು ಆ ಪಾಠದಿಂದಲೇ. ಹತ್ತು ವರ್ಷದ ಮೇಲೆ ಸರದಿ ಬದಲಾಯಿತು. 2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಸಿಂಗ್ ನಗರದ ಕಡೆ ನೀರು ನುಗ್ಗಿತು. ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆ 11 ಲಕ್ಷ ಕ್ಯೂಸೆಕ್ ದಾಟಿ ಹರಿದಳು. ಆಗ ನಂಬರು ಒತ್ತುತ್ತಾ ಕೂತವನು ನಾನು. ಅಂಥ ಹೊತ್ತಿನಲ್ಲಿ ಪಿಂಗ್ ಮಾಡಿ ಪತ್ತೆ ಹಚ್ಚುವುದೇನೂ ಇರುವುದಿಲ್ಲ.

ಇನ್ನೂ ಆಚೆ ಹೋದರೆ ಸಮುದ್ರ. 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದ ತಳದಲ್ಲಿ ಕೇಬಲ್‌ಗಳು ತುಂಡಾದಾಗ ನಮ್ಮ ದೇಶದಲ್ಲೂ ನೆಟ್ ನಿಧಾನವಾಯಿತು. ಅದಾದ ತಿಂಗಳಿಗೇ, ಅಕ್ಟೋಬರ್ 14ರಂದು, ವಿಶಾಖಪಟ್ಟಣದಲ್ಲಿ ಐದು ವರ್ಷದಲ್ಲಿ 1,500 ಕೋಟಿ ಡಾಲರ್ ಹೂಡುವುದಾಗಿ ಗೂಗಲ್ ಘೋಷಿಸಿತು. ದೈತ್ಯ ಡೇಟಾ ಸೆಂಟರ್, ಜೊತೆಗೆ ಸಮುದ್ರದಡಿಯ ಕೇಬಲ್‌ಗಳು ಇಲ್ಲೇ ದಡ ಸೇರುತ್ತವಂತೆ. ಸುದ್ದಿ ಓದಿದ ಭಾವ ‘ಇನ್ನೇನಪ್ಪ, ನಿಮ್ಮ ಮನೆ ಬಾಗಿಲಿಗೇ ಬಂತು’ ಎಂದರು. ಬಾಗಿಲಿನ ತನಕ ಬರುತ್ತದೆ, ಸರಿ. ಬಾಲ್ಕನಿಯ ಕೊಕ್ಕೆ ನನ್ನ ಜವಾಬ್ದಾರಿ.

ಮರೆತಿದ್ದೆ, ಇನ್ನೊಂದು ಗುಮಾನಿಯ ಆಸಾಮಿ ರೂಟರಿನ ಅಡಾಪ್ಟರು. ವರ್ಷಗಟ್ಟಲೆ ಹಗಲೂ ರಾತ್ರಿ ಕಾದೂ ಕಾದೂ ಸೊರಗುತ್ತದೆ. ದೀಪವೆಲ್ಲ ಹೊತ್ತಿಕೊಂಡಿದ್ದರೂ ರೂಟರ್ ತನ್ನಷ್ಟಕ್ಕೆ ಆರಿ ಏಳುತ್ತಿದ್ದರೆ ಮೊದಲು ಅದನ್ನು ಬದಲಿಸಿ ನೋಡಿ. ಸಮುದ್ರದ ಉಪ್ಪುಗಾಳಿಯಿರುವ ನಮ್ಮ ಊರಿನಲ್ಲಿ ಪಿನ್ನಿಗೆ ಕಿಲುಬು ಹಿಡಿಯುವುದೂ ಉಂಟು. ಅಕ್ಕನ ರೂಟರನ್ನು ಶೋಕೇಸಿನಿಂದ ಹೊರಗೆ, ಗಾಳಿಯಾಡುವಂತೆ ಗೋಡೆಗೆ ಏರಿಸಿದ್ದೇವೆ. ಕ್ರೋಶಾ ಹೊದಿಕೆ ಈಗ ತಂಬೂರಿ ಪೆಟ್ಟಿಗೆಯ ಮೇಲಿದೆ.

ನಿಮ್ಮ ಮನೆಯಲ್ಲೂ ಹೀಗೆ ಬಂದು ಹೋಗುವ ರೋಗವಿದ್ದರೆ ಫೋನ್ ಎತ್ತುವ ಮುಂಚೆ ಒಂದು ವಾರ ಹೊತ್ತು ಗುರುತು ಹಾಕಿ. ವೈಫೈ ಬಿಟ್ಟು ಒಂದು ಸಲ ವೈರ್ ಹಾಕಿ ನೋಡಿ. ಕೆಂಪು ದೀಪ ಇದೆಯೋ ಇಲ್ಲವೋ ಗಮನಿಸಿ. ‘ನೆಟ್ ಸರಿ ಇಲ್ಲ’ ಎಂದರೆ ‘ಆಫ್ ಮಾಡಿ ಆನ್ ಮಾಡಿ’ ಎಂಬುದೇ ಉತ್ತರ. ‘ರೂಟರಿನ ತನಕ 1 ಮಿಲಿಸೆಕೆಂಡ್, ಅದರಾಚೆ ರಾತ್ರಿ ಎಂಟರಿಂದ ಹತ್ತರವರೆಗೆ ಉತ್ತರವಿಲ್ಲ’ ಎಂದು ಹೇಳಿ ನೋಡಿ, ಆ ತುದಿಯ ದನಿಯೇ ಬದಲಾಗುತ್ತದೆ. ದೂರು ಕೊಟ್ಟವರಿಗೆ ದೂರಿನ ಸಂಖ್ಯೆ ಕೊಡಬೇಕೆಂದೂ, ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದೆಂದೂ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲೇ ನಿಯಮ ಮಾಡಿದೆ. ಮೇಲ್ಮನವಿಗೆ ಆ ಸಂಖ್ಯೆ ಬೇಕೇ ಬೇಕು. ಅದನ್ನು ಕೇಳಿ ಬರೆದುಕೊಳ್ಳದೆ ಫೋನ್ ಇಡಬೇಡಿ.